ಧೂಮಪಾನ ಮತ್ತು ಶ್ವಾಸಕೋಶದ ಕ್ಯಾನ್ಸರ್: ನಂಟು ಪತ್ತೆಯಾದ ಬಗೆ

ಸಿಗರೇಟು ಸೇದುವುದರಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂಬುದು ಇಂದು ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ಆದರೂ "ನಮ್ಮ ಅಜ್ಜ ತೊಂಬತ್ತರ ತನಕ ಬೀಡಿ ಸೇದಿದರು, ಅವರಿಗೇನೂ ಆಗಲಿಲ್ಲ" ಎಂದು ವಾದಿಸುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಆ ಮಾತು ಸುಳ್ಳೇನಲ್ಲ. ಆದರೆ ಒಬ್ಬ ಅಜ್ಜನನ್ನು ನೋಡಿ ತೀರ್ಮಾನಕ್ಕೆ ಬರಲಾಗದು, ಸಾವಿರಾರು ಜನರನ್ನು ಕೇಳಿ ಲೆಕ್ಕ ಹಾಕಬೇಕು. ವಿಜ್ಞಾನಿಗಳು ಮಾಡಿದ್ದು ಅದನ್ನೇ.

ನೂರು ವರ್ಷಗಳ ಹಿಂದೆ ಇದು ತೀರಾ ಅಪರೂಪದ ರೋಗವಾಗಿತ್ತು. 1912ರಲ್ಲಿ ನ್ಯೂಯಾರ್ಕಿನ ವೈದ್ಯ ಐಸಾಕ್ ಆಡ್ಲರ್ ಜಗತ್ತಿನ ವೈದ್ಯಕೀಯ ಬರಹಗಳನ್ನೆಲ್ಲ ಜಾಲಾಡಿದಾಗ ಸಿಕ್ಕಿದ್ದು 374 ಪ್ರಕರಣಗಳು ಮಾತ್ರ. ಆಮೇಲೆ ಚಿತ್ರ ಬದಲಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1922ರಲ್ಲಿ ಈ ರೋಗದಿಂದ ಸತ್ತವರೆಂದು ದಾಖಲಾದವರು 612 ಮಂದಿ. 1947ರಲ್ಲಿ ಆ ಸಂಖ್ಯೆ 9,287ಕ್ಕೆ ಏರಿತು. ಕೆಲವರು ಮೋಟಾರು ವಾಹನಗಳ ಹೊಗೆಯನ್ನು ದೂರಿದರು, ಕೆಲವರು ರಸ್ತೆಯ ಡಾಂಬರನ್ನು. ಸಿಗರೇಟಿನ ಮೇಲೆ ಹೆಚ್ಚಿನವರಿಗೆ ಅನುಮಾನ ಹುಟ್ಟಲಿಲ್ಲ, ಏಕೆಂದರೆ ಅಲ್ಲಿ ಹತ್ತರಲ್ಲಿ ಎಂಟು ಗಂಡಸರು ಧೂಮಪಾನಿಗಳು. ಎಲ್ಲರೂ ಮಾಡುವ ಕೆಲಸದಲ್ಲಿ ದೋಷ ಕಾಣುವುದು ಕಷ್ಟ. ಜರ್ಮನಿಯಲ್ಲಿ 1939 ಮತ್ತು 1943ರಲ್ಲಿ ನಡೆದ ಅಧ್ಯಯನಗಳು ತಂಬಾಕಿನತ್ತ ಬೊಟ್ಟು ಮಾಡಿದ್ದವು. ಯುದ್ಧದ ನಂತರ ಅವನ್ನು ಯಾರೂ ಹೆಚ್ಚಾಗಿ ಗಮನಿಸಲಿಲ್ಲ.

1950ರಲ್ಲಿ ಎರಡು ದೊಡ್ಡ ವರದಿಗಳು ಪ್ರಕಟವಾದವು. ಒಂದು ಅಮೆರಿಕದ ಯುವಕ ಅರ್ನ್ಸ್ಟ್ ವಿಂಡರ್ ಮತ್ತು ಹೆಸರಾಂತ ಶಸ್ತ್ರವೈದ್ಯ ಎವರ್ಟ್ಸ್ ಗ್ರಹಾಂ ಅವರದು. ಕ್ಯಾನ್ಸರ್ ತಗಲಿದ ಇಡೀ ಶ್ವಾಸಕೋಶವನ್ನು 1933ರಲ್ಲಿ ಯಶಸ್ವಿಯಾಗಿ ತೆಗೆದವರು ಇದೇ ಗ್ರಹಾಂ. ಸ್ವತಃ ಬಹಳ ಸಿಗರೇಟು ಸೇದುತ್ತಿದ್ದ ಅವರು ಮೊದಲು ಈ ನಂಟನ್ನು ನಂಬಿರಲಿಲ್ಲ. ಅಂಕಿಅಂಶ ಕೈಸೇರಿದ ಮೇಲೆ ಸೇದುವುದನ್ನು ಬಿಟ್ಟರು. ಆದರೆ ಕಾಲ ಮೀರಿತ್ತು. 1957ರಲ್ಲಿ ಅವರು ತೀರಿಕೊಂಡದ್ದು ಶ್ವಾಸಕೋಶದ ಕ್ಯಾನ್ಸರಿನಿಂದಲೇ.

ಇನ್ನೊಂದು ಲಂಡನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅವರದು. ಹಿಲ್ ವೈದ್ಯರಲ್ಲ. ಯೌವನದಲ್ಲಿ ಕ್ಷಯರೋಗ ತಗಲಿ ವೈದ್ಯನಾಗುವ ಆಸೆ ಕೈಬಿಟ್ಟು, ಸಂಖ್ಯಾಶಾಸ್ತ್ರದತ್ತ ತಿರುಗಿದವರು. ಇವರಿಬ್ಬರ ವಿಧಾನ ಸರಳವಾಗಿತ್ತು. ಲಂಡನ್ನಿನ 20 ಆಸ್ಪತ್ರೆಗಳಲ್ಲಿದ್ದ 709 ಶ್ವಾಸಕೋಶದ ಕ್ಯಾನ್ಸರ್ ರೋಗಿಗಳನ್ನೂ ಅದೇ ವಯಸ್ಸಿನ, ಬೇರೆ ಕಾಯಿಲೆಯ 709 ರೋಗಿಗಳನ್ನೂ ಸಮಾಜಸೇವಾ ಕಾರ್ಯಕರ್ತೆಯರು ಭೇಟಿಯಾಗಿ ಅವರ ಅಭ್ಯಾಸಗಳ ಬಗ್ಗೆ ಕೇಳಿದರು. ಕ್ಯಾನ್ಸರ್ ಇದ್ದ 649 ಗಂಡಸರಲ್ಲಿ ಎಂದೂ ಸೇದದವರು ಇಬ್ಬರೇ! ಅಷ್ಟೇ ಸಂಖ್ಯೆಯ ಇತರ ರೋಗಿಗಳಲ್ಲಿ ಅಂಥವರು 27 ಮಂದಿ. ದಿನಕ್ಕೆ ಸೇದುವ ಸಿಗರೇಟು ಹೆಚ್ಚಿದಂತೆ ಅಪಾಯವೂ ಏರುತ್ತಿತ್ತು.

ರೋಗ ಯಾವುದೆಂದು ಮೊದಲೇ ತಿಳಿದಿದ್ದರೆ ಪ್ರಶ್ನೆ ಕೇಳುವವರು ತಮಗೆ ಬೇಕಾದ ಉತ್ತರವನ್ನು ಹೊರಡಿಸಬಹುದಲ್ಲವೇ? ಈ ಸಂಶಯಕ್ಕೂ ಉತ್ತರ ದೊರೆಯಿತು. ಕೆಲವರಿಗೆ ಕ್ಯಾನ್ಸರ್ ಇದೆಯೆಂದು ಭಾವಿಸಿ ಪ್ರಶ್ನಿಸಲಾಗಿತ್ತು, ಆಮೇಲೆ ಅವರಿಗೆ ಆ ರೋಗವಿಲ್ಲವೆಂದು ತಿಳಿಯಿತು. ಅವರ ಸೇದುವ ಅಭ್ಯಾಸ ಕ್ಯಾನ್ಸರ್ ಇಲ್ಲದವರದ್ದಕ್ಕೇ ಹೊಂದುತ್ತಿತ್ತು. ಇಡೀ ವರದಿಯಲ್ಲಿ ನನಗೆ ಹೆಚ್ಚು ಮನವರಿಕೆ ಮಾಡಿಕೊಡುವ ಅಂಶ ಇದೇ. ಡಾಂಬರಿನ ಮೇಲೆ ಅನುಮಾನವಿದ್ದ ಡಾಲ್ ಅಧ್ಯಯನದ ನಡುವೆಯೇ ಸಿಗರೇಟು ಬಿಟ್ಟರು.

ಇಷ್ಟಾದರೂ ವಿರೋಧ ನಿಲ್ಲಲಿಲ್ಲ. ಹಾಗಾಗಿ 1951ರಲ್ಲಿ ಇಬ್ಬರೂ ಬ್ರಿಟನ್ನಿನ ವೈದ್ಯರಿಗೆಲ್ಲ ಒಂದು ಚಿಕ್ಕ ಪ್ರಶ್ನಾವಳಿ ಕಳುಹಿಸಿದರು. ನಲವತ್ತು ಸಾವಿರಕ್ಕೂ ಹೆಚ್ಚು ಮಂದಿ ಉತ್ತರಿಸಿದರು. ಮುಂದೆ ಅವರಲ್ಲಿ ಯಾರು, ಯಾವ ಕಾರಣದಿಂದ ಸಾಯುತ್ತಾರೆಂದು ಬರೆದಿಡುತ್ತಾ ಹೋಗುವುದಷ್ಟೇ ಕೆಲಸ. 1954ರ ಮೊದಲ ವರದಿಯ ಹೊತ್ತಿಗೆ 36 ವೈದ್ಯರು ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತಿದ್ದರು. ಎಲ್ಲರೂ ಧೂಮಪಾನಿಗಳು.

ತಂಬಾಕು ಕಂಪೆನಿಗಳಿಗೆ ಇದನ್ನು ಸುಳ್ಳೆಂದು ಸಾಬೀತುಪಡಿಸುವ ಅಗತ್ಯವಿರಲಿಲ್ಲ, ಜನರ ಮನಸ್ಸಿನಲ್ಲಿ ಸಂಶಯ ಉಳಿದರೆ ಸಾಕಿತ್ತು. 1954ರ ಜನವರಿ 4ರಂದು ಅಮೆರಿಕದ 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಅವು ಜಾಹೀರಾತು ನೀಡಿ, ಇನ್ನೂ ಏನೂ ಸಾಬೀತಾಗಿಲ್ಲ ಎಂಬರ್ಥದ ಮಾತು ಹೇಳಿದವು. ಪ್ರಸಿದ್ಧ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಕೂಡ ಈ ನಂಟನ್ನು ಒಪ್ಪಲಿಲ್ಲ. ಅವರು ಪೈಪು ಸೇದುತ್ತಿದ್ದರು, ತಂಬಾಕು ಉದ್ಯಮಕ್ಕೆ ಸಲಹೆಗಾರರೂ ಆಗಿದ್ದರು. ಕೊನೆಗೆ 1962ರಲ್ಲಿ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್, 1964ರಲ್ಲಿ ಅಮೆರಿಕದ ಸರ್ಜನ್ ಜನರಲ್ ಲೂಥರ್ ಟೆರ್ರಿ ವರದಿ ಹೊರಡಿಸಿ, ಧೂಮಪಾನವೇ ಈ ರೋಗಕ್ಕೆ ಕಾರಣ ಎಂದು ಸ್ಪಷ್ಟವಾಗಿ ಸಾರಿದರು. ಹೊಗೆಯಲ್ಲಿರುವ ಬೆಂಜೋಪೈರೀನ್ ಎಂಬ ರಾಸಾಯನಿಕವು ಕ್ಯಾನ್ಸರ್ ತಡೆಯುವ ವಂಶವಾಹಿಗೆ ಹೇಗೆ ಹಾನಿ ಮಾಡುತ್ತದೆಂದು 1996ರಲ್ಲಿ ತಿಳಿದುಬಂತು.

ನಮ್ಮ ಕರಾವಳಿಯಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ಅದೆಷ್ಟೋ. ಅವರ ದುಡಿಮೆಯ ಬಗ್ಗೆ ಇಲ್ಲಿ ಎರಡು ಮಾತಿಲ್ಲ. ಆದರೆ "ಬೀಡಿ ಬರೀ ಎಲೆ, ಸಿಗರೇಟಿನಷ್ಟು ಕೆಟ್ಟದ್ದಲ್ಲ" ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಉಳಿದಿದೆ. ಎಲೆಯೊಳಗೆ ಇರುವುದು ತಂಬಾಕೇ. ಬೀಡಿ ಆರದಂತೆ ಮತ್ತೆ ಮತ್ತೆ ಎಳೆಯಬೇಕಾಗುತ್ತದೆ ಬೇರೆ. ಪ್ರಭಾತ್ ಝಾ ಮತ್ತು ಸಂಗಡಿಗರು ಭಾರತದ 11 ಲಕ್ಷ ಮನೆಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬೀಡಿ ಸೇದುವ ಗಂಡಸರ ಆಯುಷ್ಯ ಸುಮಾರು 6 ವರ್ಷ, ಹೆಂಗಸರದ್ದು 8 ವರ್ಷ, ಸಿಗರೇಟು ಸೇದುವ ಗಂಡಸರದ್ದು 10 ವರ್ಷ ಕಡಿಮೆಯಾಗುತ್ತದೆ. ನಮ್ಮ ದೇಶದಲ್ಲಿ ಹೊಗೆಯ ಹಾನಿ ಕ್ಯಾನ್ಸರಿಗೇ ಸೀಮಿತವಲ್ಲ. ಕ್ಷಯರೋಗದ ಸಾವುಗಳಲ್ಲೂ ಅದರ ಪಾಲು ದೊಡ್ಡದು.

"ಇಷ್ಟು ವರ್ಷ ಸೇದಿಯಾಯಿತು, ಈಗ ಬಿಟ್ಟು ಏನು ಪ್ರಯೋಜನ?" ಎನ್ನುವವರಿಗೆ ಆ ಬ್ರಿಟಿಷ್ ವೈದ್ಯರ ಲೆಕ್ಕದಲ್ಲೇ ಉತ್ತರವಿದೆ. ಐವತ್ತು ವರ್ಷಗಳ ಆ ಲೆಕ್ಕವನ್ನು 2004ರಲ್ಲಿ ಪ್ರಕಟಿಸಿದಾಗ ಡಾಲ್ ಅವರಿಗೆ 91 ವರ್ಷ. ಜೀವನಪೂರ್ತಿ ಸೇದಿದ ವೈದ್ಯರು ಸರಾಸರಿ 10 ವರ್ಷದ ಆಯುಷ್ಯ ಕಳೆದುಕೊಂಡಿದ್ದರು. 60ರ ವಯಸ್ಸಿನಲ್ಲಿ ಬಿಟ್ಟವರಿಗೆ ಅದರಲ್ಲಿ 3 ವರ್ಷ ಮರಳಿ ದೊರೆಯಿತು, 50ರಲ್ಲಿ ಬಿಟ್ಟವರಿಗೆ 6, 40ರಲ್ಲಿ ಬಿಟ್ಟವರಿಗೆ 9. ಮೂವತ್ತರ ಹೊತ್ತಿಗೇ ಬಿಟ್ಟವರು ಹೆಚ್ಚುಕಡಿಮೆ ಎಂದೂ ಸೇದದವರಷ್ಟೇ ಕಾಲ ಬದುಕಿದರು.