ಲೋಹಕ್ಕೆ ಮಾರ್ಚ್ 31 ತಿಳಿಯದು

ಸರ್ಕಾರದ ಹಣಕ್ಕೆ ಒಂದು ವರ್ಷದ ಆಯುಷ್ಯ. ಏಪ್ರಿಲ್ 1ರಂದು ಹುಟ್ಟಿ ಮಾರ್ಚ್ 31ರಂದು ಮುಗಿಯುವ ಈ ಲೆಕ್ಕದಲ್ಲಿಯೇ ನನ್ನ ವೃತ್ತಿಜೀವನವೆಲ್ಲ ಕಳೆಯಿತು. ರಸ್ತೆ, ಪಡಿತರ, ಶಾಲಾ ಕಟ್ಟಡಗಳಿಗೆ ಈ ಶಿಸ್ತು ಅಗತ್ಯವೇ ಸರಿ. ಆದರೆ ಅದೇ ಅಳತೆಗೋಲನ್ನು ಲೋಹಶಾಸ್ತ್ರದ ಪ್ರಯೋಗಾಲಯಕ್ಕೂ ಹಿಡಿದರೆ ನಷ್ಟ ಅನುಭವಿಸುವವರು ಅಲ್ಲಿ ದುಡಿಯುವ ಪಿಎಚ್.ಡಿ. ವಿದ್ಯಾರ್ಥಿಗಳು.

ಈ ವಿಜ್ಞಾನದ ಕಾಲಮಾನವೇ ಬೇರೆ. ಸಾವಿರಾರು ವರ್ಷಗಳಿಂದ ಮನುಷ್ಯ ಮಿಶ್ರಲೋಹಗಳನ್ನು ತಯಾರಿಸಿದ್ದು ಬಹುಪಾಲು ಒಂದೇ ಕ್ರಮದಲ್ಲಿ: ಒಂದು ಮುಖ್ಯ ಲೋಹ, ಅದಕ್ಕೆ ಅಲ್ಪ ಪ್ರಮಾಣದಲ್ಲಿ ಇತರ ಧಾತುಗಳು. 1981ರಲ್ಲಿ ಬ್ರಿಟನ್ನಿನಲ್ಲಿ ಬ್ರಯಾನ್ ಕ್ಯಾಂಟರ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿಯೊಬ್ಬರು ಈ ಕ್ರಮವನ್ನು ಬಿಟ್ಟು ಹಲವು ಧಾತುಗಳನ್ನು ಸಮಪಾಲಿನಲ್ಲಿ ಬೆರೆಸಿ ನೋಡಿದರು. ಆ ದಾರಿಯಲ್ಲಿ ದೊರೆತದ್ದು ಕಬ್ಬಿಣ, ಕ್ರೋಮಿಯಂ, ಮ್ಯಾಂಗನೀಸ್, ಕೋಬಾಲ್ಟ್ ಮತ್ತು ನಿಕಲ್‌ಗಳ ಮಿಶ್ರಲೋಹ. ಮುಂದೆ ಬೇರೆ ವಿದ್ಯಾರ್ಥಿಗಳೂ ಈ ಕೆಲಸವನ್ನು ಮುಂದುವರಿಸಿದರು. ಅದು ಸಂಶೋಧನಾ ಪ್ರಬಂಧವಾಗಿ ಪ್ರಕಟವಾದದ್ದು 2004ರಲ್ಲಿ, ಅಂದರೆ 23 ವರ್ಷಗಳ ನಂತರ. ತೈವಾನಿನಲ್ಲಿ ಸ್ವತಂತ್ರವಾಗಿ ಇದೇ ವಿಚಾರದ ಬೆನ್ನು ಹತ್ತಿದ್ದ ತಂಡದ ಪ್ರಬಂಧವೂ ಅದೇ ವರ್ಷ ಹೊರಬಂದಿತು. ಅದಕ್ಕೂ ಮುನ್ನ, 2003ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಸ್. ರಂಗನಾಥನ್ ಅವರು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಹುಲೋಹ ಮಿಶ್ರಣಗಳ ಬಗ್ಗೆ ಬರೆದು ಲೋಹಶಾಸ್ತ್ರಜ್ಞರ ಗಮನ ಸೆಳೆದಿದ್ದರು ಎಂಬುದು ನಮಗೆ ಹೆಮ್ಮೆಯ ಸಂಗತಿ. ಅತಿ ಶೀತದಲ್ಲಿ ಅನೇಕ ಉಕ್ಕುಗಳು ಪೆಡಸಾಗುತ್ತವೆ. ಕ್ಯಾಂಟರ್ ಅವರ ಮಿಶ್ರಲೋಹವಾದರೋ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲೂ ಬಿರುಕಿಗೆ ಎದೆಯೊಡ್ಡುತ್ತದೆ ಎಂಬುದು 2014ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ತಿಳಿಯಿತು.

ಇನ್ನೊಂದು ಉದಾಹರಣೆ ನೋಡೋಣ. ಉಷ್ಣ ವಿದ್ಯುತ್ ಸ್ಥಾವರದ ಉಗಿ ಕೊಳವೆಗಳು ಶಾಖ ಮತ್ತು ಒತ್ತಡಗಳಿಗೆ ಸಿಲುಕಿ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಹಿಗ್ಗುತ್ತವೆ. ಇದಕ್ಕೆ ‘ಕ್ರೀಪ್’ ಎನ್ನುತ್ತಾರೆ. ಇಂತಹ ಉಕ್ಕಿನ ಬಾಳಿಕೆಯನ್ನು ಅಳೆಯುವ ರೂಢಿಯ ಮಾನದಂಡ 1 ಲಕ್ಷ ಗಂಟೆ, ಅಂದರೆ 11 ವರ್ಷಕ್ಕೂ ಹೆಚ್ಚು. ಜಪಾನಿನ ರಾಷ್ಟ್ರೀಯ ಸಂಸ್ಥೆಯೊಂದರಲ್ಲಿ 1969ರಲ್ಲಿ ಆರಂಭವಾದ ಇಂಥದೊಂದು ಪರೀಕ್ಷೆ 2011ರವರೆಗೂ ನಡೆಯಿತು. ಆ ನಾಲ್ಕು ದಶಕಗಳಲ್ಲಿ ಎಷ್ಟು ಮುಂಗಡಪತ್ರಗಳು ಮಂಡನೆಯಾಗಿರಬೇಕು!

ಹೋಲಿಸಿ ನೋಡಿದರೆ ನಮ್ಮ ಸಂಶೋಧನಾ ವಿದ್ಯಾರ್ಥಿಗೆ ಶಿಷ್ಯವೇತನ ದೊರೆಯುವುದು 5 ವರ್ಷ ಮಾತ್ರ. ಜೂನಿಯರ್ ಫೆಲೋಶಿಪ್ ಮೊತ್ತ 2023ರಲ್ಲಿ ತಿಂಗಳಿಗೆ 31,000ದಿಂದ 37,000 ರೂಪಾಯಿಗೆ, ಸೀನಿಯರ್ ಫೆಲೋಶಿಪ್ 35,000ದಿಂದ 42,000 ರೂಪಾಯಿಗೆ ಏರಿತು, ಇದು ಸ್ವಾಗತಾರ್ಹ. ಆದರೆ ಹಣ ತಿಂಗಳುಗಟ್ಟಲೆ ತಡವಾಗಿ ಕೈಸೇರುತ್ತದೆಂಬ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಲೋಹವನ್ನು ಕರಗಿಸಿ, ಕುಲುಮೆಯಲ್ಲಿ ದಿನಗಟ್ಟಲೆ ಕಾಯಿಸಿ, ಕತ್ತರಿಸಿ, ಎಮರಿ ಕಾಗದದಲ್ಲಿ ಕನ್ನಡಿಯಂತೆ ಉಜ್ಜಿ, ಆಮ್ಲದಲ್ಲಿ ಅದ್ದಿ, ಸೂಕ್ಷ್ಮದರ್ಶಕದಡಿ ಇಡುವ ಈ ಕೆಲಸದಲ್ಲಿ ಒಂದು ಗಂಟೆ ವಿದ್ಯುತ್ ಹೋದರೂ ವಾರದ ಶ್ರಮ ವ್ಯರ್ಥವಾಗಬಹುದು. ಯಂತ್ರವೇ ಕೆಟ್ಟು ನಿಂತರೆ ಕಳೆದುಹೋಗುವುದು ಆ ಐದು ವರ್ಷಗಳ ಒಂದು ಭಾಗ.

ಖರೀದಿ ನಿಯಮಗಳನ್ನೇ ನೋಡಿ. 200 ಕೋಟಿ ರೂಪಾಯಿವರೆಗಿನ ಖರೀದಿಗೆ ಉನ್ನತ ಮಟ್ಟದ ಅನುಮೋದನೆಯಿಲ್ಲದೆ ಜಾಗತಿಕ ಟೆಂಡರ್ ಕರೆಯಬಾರದೆಂದು 2020ರ ಮೇ ತಿಂಗಳಲ್ಲಿ ಕೇಂದ್ರವು ನಿಯಮ ಮಾಡಿತು. ಸ್ವದೇಶಿ ಉದ್ಯಮಕ್ಕೆ ನೆರವಾಗುವ ಉದ್ದೇಶ ಒಳ್ಳೆಯದೇ. ಆದರೆ ಪ್ರಯೋಗಾಲಯಕ್ಕೆ ಬೇಕಾದ ಎಷ್ಟೋ ಸೂಕ್ಷ್ಮ ಉಪಕರಣಗಳು ನಮ್ಮಲ್ಲಿ ತಯಾರಾಗುವುದಿಲ್ಲ. ಸಂಶೋಧನಾ ಉಪಕರಣಗಳಿಗೆ ಇಂತಹ ಟೆಂಡರ್ ಕರೆಯಲು ಅನುಮತಿಸುವ ಅಧಿಕಾರ ಕುಲಪತಿಗಳಿಗೂ ಸಂಸ್ಥೆಗಳ ನಿರ್ದೇಶಕರಿಗೂ ದೊರೆತದ್ದು 2025ರ ಜೂನ್‌ನಲ್ಲಿ. ನಡುವೆ ಕಳೆದದ್ದು ಐದು ವರ್ಷ, ಒಂದು ಪಿಎಚ್.ಡಿ.ಯ ಶಿಷ್ಯವೇತನದ ಪೂರ್ಣ ಅವಧಿ!

ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಡವೇ ಎಂದು ನನ್ನ ಹಳೆಯ ಸಹೋದ್ಯೋಗಿಗಳು ಕೇಳಬಹುದು. ಖಂಡಿತ ಬೇಕು. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ತಿಳಿದಿರುವಂತೆ, ಲಾಭ ಎಲ್ಲರಿಗೂ ಹಂಚಿಹೋಗುವ, ಫಲ ಯಾವಾಗ ಬರುವುದೋ ಹೇಳಲಾಗದ ಕೆಲಸಕ್ಕೆ ಖಾಸಗಿ ಬಂಡವಾಳ ಸಾಕಷ್ಟು ಒದಗುವುದಿಲ್ಲ. ಆ ಕೊರತೆ ತುಂಬಬೇಕಾದದ್ದು ಸರ್ಕಾರ. ಹಾಗಿದ್ದೂ ಅನಿಶ್ಚಿತತೆಯ ಹೊರೆಯನ್ನು ಇಪ್ಪತ್ತೈದರ ತರುಣ ತರುಣಿಯರ ಹೆಗಲಿಗೆ ಹಾಕಿ ಕೂರುವುದು ನ್ಯಾಯವಲ್ಲ, ಜಾಣತನವೂ ಅಲ್ಲ.

ಮಾಡಬೇಕಾದದ್ದು ಅಸಾಧ್ಯವೇನಲ್ಲ. ನೌಕರರ ಸಂಬಳದಂತೆ ಶಿಷ್ಯವೇತನವೂ ನಿಗದಿತ ದಿನ ಪಾವತಿಯಾಗಲಿ. ಉಪಕರಣಕ್ಕೆ ಅನುದಾನ ಕೊಡುವಾಗಲೇ ಅದರ ನಿರ್ವಹಣೆಗೂ ನುರಿತ ತಂತ್ರಜ್ಞರ ವೇತನಕ್ಕೂ ಹಲವು ವರ್ಷಗಳ ಹಣ ಸೇರಿರಲಿ. ನಿರೀಕ್ಷಿತ ಫಲ ಕೊಡದ ಪ್ರಯೋಗಗಳ ಮಾದರಿಗಳನ್ನೂ ದಾಖಲೆಗಳನ್ನೂ ಪ್ರಯೋಗಾಲಯಗಳು ಜೋಪಾನವಾಗಿಡಲಿ. ಆಗ ಮುಂದಿನ ವಿದ್ಯಾರ್ಥಿ ಅದೇ ಗೋಡೆಗೆ ಮತ್ತೆ ತಲೆ ಚಚ್ಚಿಕೊಳ್ಳಬೇಕಾಗುವುದಿಲ್ಲ. 1981ರಲ್ಲಿ ನಡೆದ ಪ್ರಯೋಗವನ್ನು ಮುಂದಿನವರು ಕೈಗೆತ್ತಿಕೊಳ್ಳದಿದ್ದರೆ 2004ರ ಪ್ರಬಂಧ ಹುಟ್ಟುತ್ತಿರಲಿಲ್ಲ. ಇಂದು ನಮ್ಮ ಪ್ರಯೋಗಾಲಯಗಳಲ್ಲಿ ನಡೆಯುತ್ತಿರುವ ಕೆಲಸವೂ ಹಾಗೆ ಕೈಯಿಂದ ಕೈಗೆ ದಾಟಬೇಕಾದರೆ ಅದರ ವೆಚ್ಚವನ್ನು ದಶಕಗಳ ಲೆಕ್ಕದಲ್ಲಿ ನೋಡುವುದನ್ನು ಹಣಕಾಸು ಇಲಾಖೆ ಕಲಿಯಬೇಕು.