ಜತ್ತದಿಂದ ಯೋಗ್ಯಕರ್ತಕ್ಕೆ

ಉಮದಿ, ಸಂಖ, ಗುಡ್ಡಾಪುರ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ ಜತ್ತ ತಾಲೂಕಿನ ಈ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿ ಕಾಗದ ಮರಾಠಿ. ಕನ್ನಡ ಶಾಲೆಯಲ್ಲಿ ಓದಿದ ಹುಡುಗಿಗೂ ಎಸ್‌ಟಿ ಸ್ಟ್ಯಾಂಡಿನಲ್ಲಿ ಬೋರ್ಡು ಓದ್ತಾ, ತಲಾಠಿ (ಗ್ರಾಮ ಲೆಕ್ಕಿಗ) ಹತ್ತಿರ ಸಾತ್‌ಬಾರಾ ಉತಾರ (ಪಹಣಿ) ಕೇಳ್ತಾ ಮರಾಠಿ ನಾಲಿಗೆಗೆ ಹತ್ತುತ್ತೆ.

ಇಂಡೋನೇಷ್ಯಾ ಭಾಷೆಯನ್ನ ಆಳವಾಗಿ ಕಲಿಯೋರು ಆ ದೇಶಕ್ಕೇ ಹೋಗಿ ಇರೋದೂ ಹೀಗೆ ದಿನವೂ ಬಳಸ್ತಾ ಭಾಷೆ ನಾಲಿಗೆಗೆ ಹತ್ತಲಿ ಅಂತಲೇ. ಅಲ್ಲಿನ ಸರ್ಕಾರ 1974ರಲ್ಲಿ ಶುರು ಮಾಡಿದ ದರ್ಮಸಿಸ್ವಾ ವಿದ್ಯಾರ್ಥಿವೇತನ ಇರೋದು ವಿದೇಶಿಯರಿಗಾಗಿ. ಪದವಿ ಸಿಗಲ್ಲ, ಭಾಷೆ ಸಿಗುತ್ತೆ.

ಇಂಡೋನೇಷ್ಯಾ ಭಾಷೆಯ ಮೊದಲ ಹಂತ ಸಲೀಸು: ರೋಮನ್ ಲಿಪಿ, ಕ್ರಿಯಾಪದಕ್ಕೆ ಕಾಲ, ಲಿಂಗ, ವಚನದ ಕಾಟವಿಲ್ಲ. ಕಷ್ಟ ಇರೋದು ಮುಂದೆ. ಪುಸ್ತಕದಲ್ಲಿ ಕೊಳ್ಳೋದಕ್ಕೆ ‘ಮೆಂಬೆಲಿ’, ಅಂಗಡಿಯಲ್ಲಿ ಬರೀ ‘ಬೆಲಿ’. ಪತ್ರಿಕೆಗೊಂದು ಧಾಟಿ, ಗೆಳೆಯರಿಗೊಂದು. ಅಲ್ಲಿದ್ದು ಕೇಳಿದರೇ ಇದು ಕಿವಿಗೆ ಇಳಿಯೋದು.

ಜಾವಾ ದ್ವೀಪದ ಯೋಗ್ಯಕರ್ತ ನಗರದಲ್ಲಿ ಇನ್ನೊಂದು ತೊಡಕು. ಎಷ್ಟೋ ಮನೆಗಳ ಮಾತು ಜಾವಾ ಭಾಷೆ. ಶಾಲೆ, ಕಚೇರಿಗೆ ಇಂಡೋನೇಷ್ಯಾ ಭಾಷೆ. ಹೊಸಬರು ತಬ್ಬಿಬ್ಬಾಗಬಹುದು. ಜತ್ತದ ಹುಡುಗಿಗೆ ಇದು ದಿನನಿತ್ಯದ ಬದುಕು! ಎರಡು ಭಾಷೆಗಳ ನಡುವೆ ಬೆಳೆದದ್ದನ್ನ ಯಾರಾದ್ರೂ ಕೊರತೆ ಅಂದ್ರೆ ಖಂಡಿತ ಒಪ್ಪಬೇಡಿ. ದೆಹಲಿಯ ಇಂಡೋನೇಷ್ಯಾ ರಾಯಭಾರ ಕಚೇರಿಯಲ್ಲೋ ಮುಂಬೈನ ಕಾನ್ಸುಲೇಟಿನಲ್ಲೋ ಈ ವರ್ಷದ ದರ್ಮಸಿಸ್ವಾ ಅರ್ಜಿ ಬಗ್ಗೆ ವಿಚಾರಿಸಿ.