ಸಿಗರೇಟು ಬಿಟ್ಟ ಮೂರನೆಯ ದಿನ ಏಕೆ ಅಷ್ಟು ಕಷ್ಟ?

ಸಿಗರೇಟು ಬಿಡಲು ಹೊರಟವರಲ್ಲಿ ಬಹಳ ಮಂದಿ ಮೊದಲ ವಾರದಲ್ಲೇ ಮತ್ತೆ ಹಚ್ಚಿಬಿಡುತ್ತಾರೆ. ಮೊದಲ ದಿನ ಹುರುಪಿನಲ್ಲಿ ಕಳೆಯುತ್ತದೆ, ಎರಡನೆಯ ದಿನ ಹಟದಲ್ಲಿ. ಮೂರನೆಯ ದಿನ ತಲೆ ಭಾರ, ಮನೆಯವರ ಮೇಲೆ ಸಿಡುಕು, ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ‘ಇದು ನನ್ನಿಂದ ಆಗುವ ಕೆಲಸವಲ್ಲ’ ಅನ್ನಿಸುವುದು ಆಗಲೇ. ಆದರೆ ಆ ಹೊತ್ತಿಗೆ ಏರು ಬಹುಪಾಲು ಮುಗಿದಿರುತ್ತದೆ. ಇದನ್ನು ಮೊದಲೇ ತಿಳಿದುಕೊಂಡವರಿಗೆ ಆ ದಿನವನ್ನು ದಾಟುವುದು ಸ್ವಲ್ಪ ಸುಲಭ.

ದೇಹದಲ್ಲಿ ಏನಾಗುತ್ತದೆ?

ಹೊಗೆ ಎಳೆದ ಕೆಲವೇ ಸೆಕೆಂಡುಗಳಲ್ಲಿ ನಿಕೋಟಿನ್ ಮೆದುಳನ್ನು ತಲುಪುತ್ತದೆ. ರಕ್ತದಲ್ಲಿರುವ ಅದರ ಪ್ರಮಾಣ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಹೀಗೆ ವರ್ಷಗಟ್ಟಲೆ ಪೂರೈಕೆಯಾಗುತ್ತಿದ್ದುದು ಒಮ್ಮೆಲೇ ನಿಂತಾಗ ಮೆದುಳು ಪ್ರತಿಭಟಿಸುತ್ತದೆ. ಕಿರಿಕಿರಿ, ಆತಂಕ, ಬೇಸರ, ನಿದ್ದೆಗೇಡು, ವಿಪರೀತ ಹಸಿವು ಕೆಲವೇ ಗಂಟೆಗಳಲ್ಲಿ ಶುರುವಾಗುತ್ತವೆ, ಎರಡು–ಮೂರು ದಿನಗಳಲ್ಲಿ ತುತ್ತತುದಿಗೆ ಹೋಗುತ್ತವೆ, ಎರಡರಿಂದ ನಾಲ್ಕು ವಾರಗಳಲ್ಲಿ ಬಹುತೇಕ ಇಳಿಯುತ್ತವೆ. ಕೆಲವರಿಗೆ ಮಲಬದ್ಧತೆ, ಬಾಯಿಹುಣ್ಣು ಆಗುತ್ತದೆ. ಕೆಮ್ಮು ಸ್ವಲ್ಪ ದಿನ ಹೆಚ್ಚಬಹುದು. ‘ಸಿಗರೇಟು ಬಿಟ್ಟಿದ್ದಕ್ಕೇ ಕಾಯಿಲೆ ಬಂತು’ ಎನ್ನುವ ಮಾತು ಹುಟ್ಟುವುದು ಇಲ್ಲಿಂದಲೇ. ಇದೇ ಹೊತ್ತಿಗೆ ಹೊಗೆಯಿಂದ ರಕ್ತಕ್ಕೆ ಸೇರಿದ್ದ ಕಾರ್ಬನ್ ಮೊನಾಕ್ಸೈಡ್ ಒಂದೆರಡು ದಿನಗಳಲ್ಲಿ ಸಹಜ ಮಟ್ಟಕ್ಕೆ ಇಳಿದಿರುತ್ತದೆ. ದುರದೃಷ್ಟವೆಂದರೆ ಆ ಲಾಭ ಅನುಭವಕ್ಕೆ ಬರುವುದಿಲ್ಲ, ಕಿರಿಕಿರಿ ಮಾತ್ರ ಬರುತ್ತದೆ.

ಕಾಫಿ ಕುಡಿಯುವವರು ಗಮನಿಸಿ

ನಮ್ಮವರಿಗೆ ಯಾರೂ ಹೇಳದ ವಿಷಯ ಇದು. ತಂಬಾಕಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತು ಕೆಫೀನನ್ನು ಬೇಗ ಕರಗಿಸುವಂತೆ ಮಾಡುತ್ತವೆ. ಹೊಗೆ ನಿಂತಾಗ ಆ ವೇಗವೂ ತಗ್ಗುತ್ತದೆ. ಆಗ ಎಂದಿನಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ದುಪ್ಪಟ್ಟಿನ ಹತ್ತಿರಕ್ಕೆ ಏರಬಹುದು. ಎದೆ ಡವಡವ, ಕೈನಡುಕ, ರಾತ್ರಿ ನಿದ್ದೆ ಬಾರದಿರುವುದು ಎಲ್ಲವನ್ನೂ ನಾವು ಸಿಗರೇಟಿನ ಲೆಕ್ಕಕ್ಕೆ ಬರೆಯುತ್ತೇವೆ, ಅದರಲ್ಲಿ ಅರ್ಧ ಫಿಲ್ಟರ್ ಕಾಫಿಯದ್ದಾಗಿರುತ್ತದೆ. ಮೊದಲ ಕೆಲವು ವಾರ ಕಾಫಿ, ಚಹಾ ಎರಡನ್ನೂ ಅರ್ಧಕ್ಕೆ ಇಳಿಸಿ, ಸಂಜೆಯ ನಂತರ ಬೇಡ. ಪೂರ್ತಿ ಬಿಡಬೇಕಾಗಿಲ್ಲ. ಒಂದೇ ವಾರದಲ್ಲಿ ಎರಡನ್ನೂ ಬಿಡಲು ಹೋಗುವುದು ಅತಿಯಾಸೆ.

ಇನ್ನೊಂದು ಕಾರಣಕ್ಕೂ ಇದು ಒಳ್ಳೆಯದು. ಮುಂಬೈ, ಪುಣೆಯ ಆಫೀಸುಗಳ ಹೊರಗಿನ ಟಪ್ರಿಯಲ್ಲಿ ‘ಕಟಿಂಗ್’ ಚಹಾ ಮತ್ತು ಸಿಗರೇಟು ಜೋಡಿಯಾಗಿಯೇ ಬರುತ್ತವೆ. ಕೈಯಲ್ಲಿ ಲೋಟವಿದ್ದರೆ ಇನ್ನೊಂದು ಕೈ ತಡಕಾಡುತ್ತದೆ. ಎರಡು ವಾರ ಆ ಕಡೆ ಹೋಗಬೇಡಿ, ಚಹಾವನ್ನು ಮೇಜಿಗೇ ತರಿಸಿಕೊಳ್ಳಿ. ಸ್ನೇಹಿತರಿಗೆ ಕಾರಣ ಹೇಳಿ. ಹೇಳದೆ ತಪ್ಪಿಸಿಕೊಂಡರೆ ಅವರೇ ಕರೆಯಲು ಬರುತ್ತಾರೆ.

ತಲಬು ಬಂದಾಗ ಅದು ಅಲೆಯಂತೆ ಏರಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ, ಸಿಗರೇಟು ಸೇದಿದರೂ ಇಳಿಯುತ್ತದೆ, ಸೇದದಿದ್ದರೂ ಇಳಿಯುತ್ತದೆ. ಹತ್ತು ನಿಮಿಷ ಮುಂದೂಡುವುದಷ್ಟೇ ಕೆಲಸ. ನೀರು ಕುಡಿಯಿರಿ, ಮೆಟ್ಟಿಲು ಇಳಿದು ಹತ್ತಿ, ಬಾಯಿಗೆ ಏಲಕ್ಕಿಯೋ ಸೋಂಪೋ ಹಾಕಿಕೊಳ್ಳಿ. ಗುಟ್ಕಾ, ಖೈನಿ ಬೇಡ. ಅದು ಬಿಟ್ಟಂತಲ್ಲ, ಬಾಗಿಲು ಬದಲಿಸಿದಂತೆ.

ಗಮ್ ಅಗಿಯುವ ರೀತಿ

ನಿಕೋಟಿನ್ ಗಮ್ ‘ನನಗೆ ಆಗಿಬರಲಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಅದನ್ನು ಚ್ಯೂಯಿಂಗ್ ಗಮ್‌ನಂತೆ ಅಗಿದವರು. ಹಾಗೆ ಅಗಿದರೆ ನಿಕೋಟಿನ್ ಜೊಲ್ಲಿನೊಂದಿಗೆ ಹೊಟ್ಟೆಗೆ ಹೋಗುತ್ತದೆ, ಬಿಕ್ಕಳಿಕೆ, ಎದೆಯುರಿ ಬರುತ್ತದೆ, ತಲಬು ಹಾಗೇ ಉಳಿಯುತ್ತದೆ. ಸರಿಯಾದ ಕ್ರಮ ಹೀಗೆ: ನಾಲಿಗೆಗೆ ಮೆಣಸಿನಂತೆ ಚುರುಕು ತಾಗುವವರೆಗೆ ನಿಧಾನ ಅಗಿಯಿರಿ, ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಇಡಿ. ಚುರುಕು ಹೋದ ಮೇಲೆ ಮತ್ತೆ ಎರಡು ಸಲ ಅಗಿದು ಇನ್ನೊಂದು ಬದಿಗೆ ಇಡಿ. ಒಂದು ಗಮ್ ಸುಮಾರು ಅರ್ಧ ಗಂಟೆ ಬರುತ್ತದೆ. ಅದಕ್ಕೆ 15 ನಿಮಿಷ ಮೊದಲು ಮತ್ತು ಅಗಿಯುವಾಗ ಕಾಫಿ, ಹಣ್ಣಿನ ರಸ ಬೇಡ, ಹುಳಿಯಿಂದ ನಿಕೋಟಿನ್ ಬಾಯಿಯಲ್ಲಿ ಹೀರಿಕೊಳ್ಳುವುದಿಲ್ಲ.

2 ಮಿಲಿಗ್ರಾಂ ಗಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಎದ್ದು ಅರ್ಧ ಗಂಟೆಯೊಳಗೆ ಸೇದುತ್ತಿದ್ದವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ ಬೇಕು, ಅದಕ್ಕೆ ವೈದ್ಯರ ಚೀಟಿ ಬೇಕಾಗುತ್ತದೆ. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತವಾದವರು ಮೊದಲು ವೈದ್ಯರನ್ನು ಕೇಳಲೇಬೇಕು. ಬುಪ್ರೊಪಿಯಾನ್, ವರೆನಿಕ್ಲಿನ್ ಎಂಬ ಮಾತ್ರೆಗಳೂ ಇವೆ, ಅವು ವೈದ್ಯರ ಸಲಹೆಯ ಮೇಲೆ ಮಾತ್ರ.

ಕನ್ನಡದಲ್ಲಿ ಮಾತನಾಡಲು ಒಬ್ಬರು

ಯಾರ ನೆರವೂ ಇಲ್ಲದೆ ಬಿಡಲು ಯತ್ನಿಸಿದವರಲ್ಲಿ ದೀರ್ಘಕಾಲ ಗೆಲ್ಲುವವರು ನೂರಕ್ಕೆ ನಾಲ್ಕೈದು ಜನ ಮಾತ್ರ. ಆಪ್ತಸಲಹೆ ಮತ್ತು ಔಷಧಿ ಎರಡೂ ಸೇರಿದರೆ ಆ ಸಾಧ್ಯತೆ ದುಪ್ಪಟ್ಟಿಗಿಂತ ಹೆಚ್ಚುತ್ತದೆ. 2018ರಿಂದ ಪ್ರತಿ ತಂಬಾಕು ಪ್ಯಾಕೆಟ್ಟಿನ ಮೇಲೂ ಅಚ್ಚಾಗುತ್ತಿರುವ 1800-11-2356 ರಾಷ್ಟ್ರೀಯ ಕ್ವಿಟ್‌ಲೈನ್ ಸಂಖ್ಯೆ, ಕರೆ ಉಚಿತ. ಅದರ ಕೇಂದ್ರಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಒಂದು. ದೆಹಲಿಯಲ್ಲಿರಲಿ, ಹೈದರಾಬಾದಿನಲ್ಲಿರಲಿ, ಕನ್ನಡದಲ್ಲಿ ಮಾತನಾಡಬೇಕು ಎಂದು ಕೇಳಿ. ಆಫೀಸಿನ ಹಿಂದಿ, ಇಂಗ್ಲಿಷಿನಲ್ಲಿ ಕೆಲಸ ನಡೆಯುತ್ತದೆ, ಆದರೆ ‘ಒಳಗೊಳಗೇ ಏನೋ ಸಂಕಟ’ ಎನ್ನುವುದನ್ನು ಆ ಭಾಷೆಗಳಲ್ಲಿ ಹೇಳುವುದು ಕಷ್ಟ.

ದಿನಕ್ಕೆ ಎಷ್ಟು, ಮೊದಲನೆಯದು ಯಾವಾಗ, ಹಿಂದೆ ಬಿಟ್ಟಿದ್ದಿರಾ, ಏಕೆ ಮತ್ತೆ ಶುರುವಾಯಿತು ಎಂದು ಸಲಹೆಗಾರರು ಕೇಳುತ್ತಾರೆ. ಉಪದೇಶ ಮಾಡುವುದಿಲ್ಲ. ಬಿಡುವ ದಿನ ನಿಗದಿ ಮಾಡಲು ನೆರವಾಗುತ್ತಾರೆ, ನಂತರವೂ ಕರೆಮಾಡಿ ವಿಚಾರಿಸುತ್ತಾರೆ. ಸಾಧ್ಯವಾದರೆ ಕರೆಯನ್ನು ಬಿಡುವ ದಿನಕ್ಕಿಂತ ಮೊದಲೇ ಮಾಡಿ, ಮೂರನೆಯ ದಿನ ಯಾವ ವಾರದಲ್ಲಿ ಬೀಳುತ್ತದೆ ನೋಡಿಕೊಳ್ಳಿ. ತಿಂಗಳ ಕೊನೆಯ ಲೆಕ್ಕಪತ್ರದ ದಿನವೋ ಊರಿನಲ್ಲಿ ಮದುವೆಯ ದಿನವೋ ಆದರೆ ದಿನಾಂಕ ಬದಲಿಸುವುದು ಜಾಣತನ.

ಮನೆಯವರಿಗೆ ಒಂದು ಮಾತು: ಬಾಯಿ ಮೂಸಿ ನೋಡಬೇಡಿ, ಜೇಬು ತಡಕಬೇಡಿ. ಒಂದು ವಾರದ ಸಿಡುಕನ್ನು ಜ್ವರದಂತೆ ಕಾಣಿ. ರೂಮಿನಲ್ಲಿ ಜೊತೆಗಿರುವವರು ಸೇದುವವರಾದರೆ ಹೊರಗೆ ಹೋಗಿ ಸೇದಲಿ, ಪ್ಯಾಕೆಟ್ ಕಣ್ಣಿಗೆ ಬೀಳದಿರಲಿ. ಊರಿನಲ್ಲಿರುವ ಅಣ್ಣನೋ ಅಕ್ಕನೋ ರಾತ್ರಿ ಒಂದು ಫೋನ್ ಮಾಡಿ ‘ಇವತ್ತು ಹೇಗಿತ್ತು?’ ಎಂದಷ್ಟೇ ಕೇಳಿದರೆ ಸಾಕು.

ಯಾವಾಗ ವೈದ್ಯರ ಬಳಿ?

ಮಧುಮೇಹ ಇದ್ದವರು ಮೊದಲ ವಾರಗಳಲ್ಲಿ ಸಕ್ಕರೆಯನ್ನು ಹೆಚ್ಚು ಸಲ ಪರೀಕ್ಷಿಸಿಕೊಳ್ಳಬೇಕು. ಕ್ಲೋಜಪಿನ್, ಒಲಾಂಜಪಿನ್, ಥಿಯೋಫಿಲಿನ್ ತೆಗೆದುಕೊಳ್ಳುವವರಲ್ಲಿ ಹೊಗೆ ನಿಂತ ಮೇಲೆ, ಕಾಫಿಯ ವಿಷಯದಲ್ಲಿ ಆದಂತೆಯೇ, ಔಷಧಿಯ ಪ್ರಮಾಣ ರಕ್ತದಲ್ಲಿ ಏರಬಹುದು. ಹಾಗಾಗಿ ಬಿಡುವ ಮುನ್ನವೇ ವೈದ್ಯರಿಗೆ ತಿಳಿಸಿ. ಬೇಸರ ಎರಡು ವಾರ ದಾಟಿದರೂ ಇಳಿಯದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯದೆ, 14416ಕ್ಕೆ ಕರೆಮಾಡಿ. ಟೆಲಿ ಮಾನಸ್‌ನ ಈ ಸಹಾಯವಾಣಿ ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತನಾಡಬಹುದು.

ನಡುವೆ ಒಂದು ಸಿಗರೇಟು ಸೇದಿಬಿಟ್ಟರೆ? ‘ಹೇಗೂ ಕೆಟ್ಟಿತು, ಈ ಪ್ಯಾಕೆಟ್ ಮುಗಿಸಿ ಸೋಮವಾರದಿಂದ ನೋಡೋಣ’ ಎನ್ನುವ ಲೆಕ್ಕ ಅಪಾಯಕಾರಿ. ಅಷ್ಟರಲ್ಲೇ ನಿಲ್ಲಿಸಿ, ಉಳಿದದ್ದನ್ನು ನೀರಿನಲ್ಲಿ ನೆನೆಸಿ ಎಸೆಯಿರಿ. ಯಾರ ಜೊತೆಗಿದ್ದಿರಿ, ಎಷ್ಟು ಗಂಟೆಯಾಗಿತ್ತು, ಗಮ್ ಜೇಬಿನಲ್ಲಿತ್ತೇ ಎಂದು ಬರೆದಿಟ್ಟುಕೊಂಡು, ಸಲಹೆಗಾರರ ಮುಂದಿನ ಕರೆ ಬಂದಾಗ ಮುಚ್ಚಿಡದೆ ಹೇಳಿ.